ಭುಜದ ಅಳತೆ

ನನ್ನ ಅತ್ತೆಗೆ ಬಟ್ಟೆಯ ಹೊರಗಿನ ಚೆಂದದ ಮೇಲೆ ನಂಬಿಕೆಯಿಲ್ಲ. ಎದುರಿಗೆ ಯಾರು ಬಂದು ನಿಂತರೂ ಅವರ ಬಟ್ಟೆಯನ್ನು ಮಗುಚಿ ಒಳಗಿನ ಹೊಲಿಗೆ ನೋಡಲು ಅವರ ಬೆರಳು ತುರಿಸುತ್ತಿರುತ್ತದೆ. ನಾನು ಸೊಸೆಯಾಗಿ ಬಂದ ದಿನವೂ ಅಷ್ಟೆ. ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರೆ, ಇವರು ನನ್ನ ತೋಳು ತಿರುವಿ "ಯಾರೇ ಹೊಲಿದಿದ್ದು ಇದನ್ನ?" ಎಂದು ಕೇಳಿದರು. ನಾನೇ ಎಂದೆ. ನಮ್ಮಿಬ್ಬರ ಸಂಬಂಧ ಶುರುವಾದದ್ದು ಅಲ್ಲಿಂದ. ಗಂಡನ ಜೊತೆಗಿನದು ಆಮೇಲೆ ಬಂತು.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಒಂದೇ ದೊಡ್ಡ ಮೇಜು, ಆ ಕಡೆ ಅವರು, ಈ ಕಡೆ ನಾನು. ನಾನು ಕತ್ತರಿಸುತ್ತೇನೆ, ಅವರು ಹೊಲಿಯುತ್ತಾರೆ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ಕಣ್ಣಿನಲ್ಲೇ ಅಳತೆ ತೆಗೆದುಕೊಂಡಿರುತ್ತಾರೆ, ಟೇಪು ಹಿಡಿಯುವುದೆಲ್ಲ ಗಿರಾಕಿಯ ಸಮಾಧಾನಕ್ಕೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು ನಮ್ಮ ಮೇಜಿನ ಹತ್ತಿರ ಬಂದಿರಲಿಲ್ಲ. ಹಾಗೆಂದು ನಾವು ಜಗಳವಾಡುತ್ತಿರಲಿಲ್ಲ ಎಂದಲ್ಲ. ಕಾಲರಿಗಾಗಿ, ಗುಂಡಿಯ ಕಾಜಾಕ್ಕಾಗಿ, ಕತ್ತರಿ ಎಲ್ಲಿಟ್ಟೆ ಎನ್ನುವುದಕ್ಕಾಗಿ ದಿನಾ ಜಗಳ. ಮಧ್ಯಾಹ್ನ ಊಟಕ್ಕೆ ಕೂತಾಗ ಅದು ಯಾರಿಗೂ ನೆನಪಿರುತ್ತಿರಲಿಲ್ಲ.

ನನ್ನ ಗಂಡನಿಗೆ ಪ್ರವಾಸದ ಟಿಕೆಟ್ಟು ಮಾಡಿಸಿಕೊಡುವ ಆಫೀಸಿನಲ್ಲಿ ಕೆಲಸ. ಊರವರನ್ನೆಲ್ಲ ದೇಶ ಸುತ್ತಿಸುತ್ತಾ ಕೂತಲ್ಲೇ ಅವನೂ ಒಂದು ದಾರಿ ಹಿಡಿದ. ಅದೇ ಆಫೀಸಿನ ಹುಡುಗಿ. ಎತ್ತರ, ತೆಳ್ಳಗೆ, ಭುಜ ಕಿರಿದು. ಒಂದೇ ಒಂದು ಸಲ ನೋಡಿದ್ದೇನೆ, ನನಗೂ ಕಣ್ಣಳತೆ ಬಂದಿದೆಯಲ್ಲ. ನಾನೂ ಅವನೂ ಕೂತು ಮಾತಾಡಿ ಬೇರೆಯಾಗುವುದು ಎಂದು ಆಗಿತ್ತು. ಎದುರಿಗೆ ಅವನನ್ನು ಈಗಲೂ ಬಹುವಚನದಲ್ಲೇ ಮಾತಾಡಿಸುತ್ತೇನೆ, ಮನಸ್ಸಿನಲ್ಲಿ ಏಕವಚನಕ್ಕೆ ಇಳಿಸಿ ಬಹಳ ದಿನವಾಯಿತು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಯವರೆಲ್ಲ ವಿದೇಶಕ್ಕೆ ಹೋಗಿಬರಲು ಟಿಕೆಟ್ಟು ಮೊದಲೇ ಆಗಿತ್ತು. "ಪ್ರವಾಸ ಒಂದು ಮುಗೀಲಿ, ಅಲ್ಲೀತನಕ ಅಮ್ಮನಿಗೆ ಹೇಳೋದು ಬೇಡ" ಎಂದಿದ್ದ. ನಾನು ಒಪ್ಪಿದೆ. ಅವನಿಗಾಗಿ ಅಲ್ಲ. ವಿದೇಶದ ದೊಡ್ಡ ಅಂಗಡಿಗಳ ಬಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ಒಳಗಡೆ ನೋಡಬೇಕು ಎನ್ನುವುದು ಅತ್ತೆಯ ಎಷ್ಟೋ ವರ್ಷಗಳ ಆಸೆ. ಪತ್ರಿಕೆಯಲ್ಲಿ ಬಂದ ಗೌನುಗಳ ಚಿತ್ರ ಕತ್ತರಿಸಿ ಮಿಷನ್ನಿನ ಹಿಂದಿನ ಗೋಡೆಗೆ ಅಂಟಿಸಿದ್ದರು. ಆ ಆಸೆಗೆ ಮಣ್ಣು ಹಾಕುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ನನ್ನ ಮಗಳು ಪುಟ್ಟಿಯೂ ಇರಲು ಒಂದು ಬಾಡಿಗೆ ಮನೆ ನೋಡಿಟ್ಟಿದ್ದೆ. ಅದರ ಮುಂದಿನ ಕೋಣೆಗೆ ಒಳ್ಳೆಯ ಬೆಳಕು, ಮೇಜು ಹಿಡಿಸುವಷ್ಟು ಜಾಗ. ಗಂಡ ಹೋದರೆ ಹೋಗಲಿ, ಅತ್ತೆ ನನ್ನ ಜೊತೆ ಬರುತ್ತಾರೆ ಎಂದೇ ನಾನು ನಂಬಿಕೊಂಡಿದ್ದೆ. ಕೇಳುವ ಹೊತ್ತಿಗಾಗಿ ಕಾಯುತ್ತಿದ್ದೆ, ಅಷ್ಟೆ.

ಪರದೇಶದಲ್ಲಿ ಎಲ್ಲರೂ ನೋಡುವುದನ್ನೆಲ್ಲ ನಾವೂ ನೋಡಿದೆವು. ಕಬ್ಬಿಣದ ಗೋಪುರ ಹತ್ತಿದೆವು. ಮೇಲೆ ಗಾಳಿ ಎಷ್ಟಿತ್ತೆಂದರೆ ಅತ್ತೆ ಊರು ನೋಡುವುದು ಬಿಟ್ಟು ತಮ್ಮ ಸೆರಗು ನೋಡಿಕೊಂಡರು. ದೋಣಿಯಲ್ಲಿ ಸೇತುವೆಗಳ ಕೆಳಗೆ ಹೋದೆವು. ಪುಟ್ಟಿ ಪ್ರತಿ ಸೇತುವೆಯ ಕೆಳಗೂ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದಳು. "ಅಪ್ಪ, ಇನ್ನೂ ಸ್ವಲ್ಪ ಅಮ್ಮನ ಹತ್ರ ನಿಂತ್ಕೋ" ಎಂದಳು. ಅವನು ನಿಂತ. ನಾನು ಹಲ್ಲು ಬಿಟ್ಟೆ. ಆ ಫೋಟೋ ನೋಡಿದವರು ದೃಷ್ಟಿ ತೆಗೆಯಬೇಕು, ಅಷ್ಟು ಚೆಂದದ ಸಂಸಾರ.

ಆಮೇಲೆ ದೊಡ್ಡ ಅಂಗಡಿಗಳ ಬೀದಿ. ಬಾಗಿಲಲ್ಲಿ ಕೈಗವಸು ಹಾಕಿದ ಆಳು, ಒಳಗೆ ಕಾಲು ಹೂತುಹೋಗುವಷ್ಟು ಮೆತ್ತನೆಯ ಹಾಸು. ಇಡೀ ಗೋಡೆಗೆ ಒಂದೇ ಒಂದು ಕೋಟು ತೂಗುಹಾಕಿದ್ದರು.

"ಇಷ್ಟು ಜಾಗ ನಮಗಿದ್ದಿದ್ರೆ ಇನ್ನೂ ನಾಲ್ಕು ಮಿಷನ್ ಹಾಕ್ತಿದ್ದೆ ಕಣೇ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಒಂದು ಗೌನಿನ ಮುಂದೆ ನಿಂತು, ನೀರಿಗೆ ಕೈ ಹಾಕುವವರಂತೆ ಮೆಲ್ಲಗೆ ಅದರ ಒಳಗೆ ಕೈ ಹಾಕಿದರು. ಅಂಗಡಿಯ ಹೆಣ್ಣುಮಗಳು ಗಾಬರಿಯಾಗಿ ಹತ್ತಿರ ಬಂದಳು. ಪುಟ್ಟಿ ಶಾಲೆಯಲ್ಲಿ ಕಲಿತಿದ್ದ ಅವಳ ಭಾಷೆಯಲ್ಲಿ ಏನೋ ಹೇಳಿದ ಮೇಲೆ ಅವಳೇ ಗೌನನ್ನು ಕೆಳಗಿಳಿಸಿ, ಒಳಮಗ್ಗುಲು ಬಿಡಿಸಿ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಒಂದೊಂದೇ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಎಲ್ಲಾ ಕೈಹೊಲಿಗೆ. ಯಾರೋ ಪುಣ್ಯಾತ್ಗಿತ್ತಿ ಕೂತು ಹೊಲಿದಿದಾಳೆ" ಎಂದು ಕೊನೆಗೆ ಹೇಳಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಈ ಒಂದು ಗಳಿಗೆಗಾಗಿ ನಾನು ಸುಳ್ಳು ಹೇಳಿಕೊಂಡು ಬಂದದ್ದು ಸಾರ್ಥಕ ಅನ್ನಿಸಿತು.

"ನೀವು ನೋಡ್ತಾ ಇರಿ, ನಾನು ಮೇಲೆ ಹೋಗಿ ಬರ್ತೀನಿ" ಎಂದು ನನ್ನ ಗಂಡ ಮಹಡಿ ಹತ್ತಿದ. ಬೆಲ್ಟೋ ಟೈಯೋ ನೋಡಲು ಹೋಗಿರಬೇಕು ಎಂದುಕೊಂಡೆ.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಅವನು ಅಲ್ಲಿ ಒಂದು ಕೋಟು ಕೊಂಡಿದ್ದ. ಹೋಟೆಲಿನಲ್ಲಿ ನಮಗೆ ಅಕ್ಕಪಕ್ಕ ಎರಡು ಕೋಣೆ, ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ಅಜ್ಜಿ ಮೊಮ್ಮಗಳು. ನನ್ನ ಕಣ್ಣು ತಪ್ಪಿಸಲು ಅವನು ಆ ಚೀಲವನ್ನು ಅತ್ತೆಯ ಕೋಣೆಯ ಬೀರುವಿನಲ್ಲಿಟ್ಟು, "ಅಮ್ಮ, ಇದು ಇಲ್ಲಿರ್ಲಿ. ಅವಳಿಗೆ ತೋರಿಸ್ಬೇಡ" ಎಂದನಂತೆ. ಹೆತ್ತ ತಾಯಿ ಏನೆಂದುಕೊಳ್ಳಬೇಕು? ಹೆಂಡತಿಗೆ ಗುಟ್ಟಾಗಿ ತಂದಿದ್ದಾನೆ ಎಂದುಕೊಂಡರು. ಅವನು ಹೊರಗೆ ಹೋದ ಮೇಲೆ ಕೋಟನ್ನು ಹಾಸಿಗೆಯ ಮೇಲೆ ಹರಡಿ, ಕೈಚೀಲದಲ್ಲಿ ಸದಾ ಇರುವ ಟೇಪು ತೆಗೆದು ಅಳೆದರು. ಭುಜ ಚಿಕ್ಕದು, ತೋಳು ಉದ್ದ, ಎದೆ ಬಿಗಿ. ನನ್ನ ಅಳತೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಈ ಗಂಡಸ್ರಿಗೆ ಕಟ್ಕೊಂಡವಳ ಭುಜ ಎಷ್ಟಿದೆ ಅಂತಾನೂ ಗೊತ್ತಿಲ್ಲ ನೋಡು" ಎಂದು ಪುಟ್ಟಿಯ ಹತ್ತಿರ ನಕ್ಕರಂತೆ.

ಮಾರನೆಯ ಬೆಳಿಗ್ಗೆ ಅತ್ತೆಗೆ ಇದ್ದಕ್ಕಿದ್ದ ಹಾಗೆ ಮಂಡಿನೋವು ಬಂತು. "ನೀವಿಬ್ರೂ ಹೋಗಿ ಬನ್ನಿ, ಪುಟ್ಟಿ ನನ್ನ ಜೊತೆ ಇರ್ತಾಳೆ" ಎಂದು ನಮ್ಮನ್ನು ವಸ್ತುಸಂಗ್ರಹಾಲಯಕ್ಕೆ ಅಟ್ಟಿದರು. ಅಲ್ಲಿ ಕೈಗಳಿಲ್ಲದ ಒಂದು ಕಲ್ಲಿನ ಹೆಂಗಸು ನಿಂತಿದ್ದಳು. ಅತ್ತೆ ನೋಡಿದ್ದರೆ 'ತೋಳಿನ ಬಟ್ಟೆ ಉಳೀತು' ಎನ್ನುತ್ತಿದ್ದರು. ನಗು ಬಂದು, ಹೇಳೋಣವೆಂದು ಪಕ್ಕಕ್ಕೆ ತಿರುಗಿದರೆ ಅಲ್ಲಿದ್ದವನು ಗಂಡ.

"ಊರಿಗೆ ಹೋದ್ಮೇಲೆ ಅಮ್ಮನಿಗೆ ನೀನೇ ಹೇಳ್ತೀಯಾ?" ಎಂದ.

"ನಾನ್ಯಾಕೆ ಹೇಳ್ಲಿ? ಅಮ್ಮ ನಿಮ್ಗೋ ನಂಗೋ?"

"ನಿನ್ನ ಮಾತು ಕೇಳ್ತಾಳೆ ಅವಳು. ನನ್ನದು ಕೇಳಲ್ಲ."

ಅದು ನಿಜವೆಂದು ನನಗೂ ಗೊತ್ತಿತ್ತು, ಕೇಳಿ ಒಳಗೊಳಗೇ ಹಿಗ್ಗಿದೆ. ಅತ್ತೆ ನನ್ನವರೇ ಎನ್ನುವುದಕ್ಕೆ ಅವನೇ ಸಾಕ್ಷಿ ಹೇಳಿದ ಹಾಗಾಯಿತು.

ನಾವು ಮಧ್ಯಾಹ್ನ ತಿರುಗಿ ಬರುವಷ್ಟರಲ್ಲಿ ಮಂಡಿನೋವು ಮಾಯವಾಗಿತ್ತು. ಅತ್ತೆ ಪುಟ್ಟಿಯನ್ನು ಕೆಳಗೆ ಅಂಚೆಕಾರ್ಡು ಕೊಳ್ಳಲು ಕಳಿಸಿ, ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಹಾಸಿಗೆಯ ಮೇಲೆ ಆ ಚೀಲ. ನನ್ನ ಗಂಡನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಗುಟ್ಟು ರಟ್ಟು ಮಾಡ್ತಿದೀನಿ, ಬೇಜಾರ್ ಮಾಡ್ಕೋಬೇಡ ಕಣೋ" ಎಂದು ಅವನಿಗೆ ಹೇಳಿ, ಕೋಟನ್ನು ತೆಗೆದು ನನ್ನ ಮೈಗೆ ಅವರೇ ತೊಡಿಸಿದರು. ಕಡುನೀಲಿ ಬಣ್ಣ, ಬೆಕ್ಕಿನ ಮೈಯಂಥ ಉಣ್ಣೆ. ಭುಜ ಸರಿಯಾಗಿ ನನ್ನ ಭುಜದ ಮೇಲೆ ಬಂದು ಕೂತಿತು. ಒಂದು ಗಳಿಗೆ, ಒಂದೇ ಗಳಿಗೆ, ನಾನು ಹುಚ್ಚಿಯ ಹಾಗೆ ಅವನ ಮುಖ ನೋಡಿದೆ. ಮನಸ್ಸು ಬದಲಾಯಿಸಿದನೇನೋ, ನನಗೇ ತಂದನೇನೋ ಎಂದು. ಅವನು ನೆಲ ನೋಡುತ್ತಿದ್ದ.

"ಸ್ವಲ್ಪ ಉದ್ದ ಆಯ್ತು, ಅಷ್ಟೆ" ಎಂದು ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನ ಕಾಲ ಬಳಿ ಮಂಡಿಯೂರಿದರು. "ಇವನು ತಂದಿದ್ದು ನಿಂಗೆ ಆಗ್ತಾನೇ ಇರ್ಲಿಲ್ಲ ಕಣೇ. ನಾನೂ ಪುಟ್ಟಿನೂ ಹೋಗಿ ಬದಲಾಯಿಸ್ಕೊಂಡು ಬಂದ್ವಿ. ಬಿಲ್ಲು ಚೀಲದಲ್ಲೇ ಇತ್ತು."

"ಬದಲಾಯಿಸೋಕೆ ನಿಂಗ್ಯಾರು ಹೇಳಿದ್ದು?"

ಮಗನ ದನಿ ಕೇಳಿ ಅತ್ತೆ ತಲೆ ಎತ್ತಿದರು. "ಯಾಕೋ ಕೂಗ್ತೀಯ? ಭುಜ ಎರಡು ಬೆರಳು ಚಿಕ್ಕದಿತ್ತು."

"ಇರ್ಲಿ! ಇದ್ರೆ ಇರ್ಲಿ! ನಿನ್ನನ್ನ ಯಾರು ಅಳತೆ ನೋಡು ಅಂದಿದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ. ಅತ್ತೆ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಆಡುವುದು ನನಗೆ ಕಾಣಿಸುತ್ತಿತ್ತು. ಬೆಳಿಗ್ಗೆ ಹಿಂತಿರುಗಿಸಿ ಬಂದ ಕೋಟನ್ನು ಅವರು ಮನಸ್ಸಿನಲ್ಲೇ ಮತ್ತೆ ಹರಡಿ ನೋಡುತ್ತಿದ್ದರು. ಕಿರಿದಾದ ಭುಜ, ಉದ್ದ ತೋಳು. ಬಟ್ಟೆಯೊಳಗೆ ಒಂದು ಮೈ ಎದ್ದು ನಿಂತಿರಬೇಕು.

"ಆ ಕೋಟಿನ ಅಳತೆ ತಪ್ಪಿರ್ಲಿಲ್ಲ, ಅಲ್ವೇನೋ?" ಎಂದರು. "ಅದು ಬೇರೆಯವಳ ಅಳತೆ."

ಅವನು ಬಾಗಿಲು ತೆಗೆದು ಹೊರಗೆ ಹೋದ. ತಾಯಿಯ ಮುಂದೆ ಅಳುವುದಕ್ಕೆ ನಾಚಿಕೆಯಾಗಿರಬೇಕು, ಕಣ್ಣು ಕೆಂಪಾಗಿತ್ತು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅತ್ತೆ ನೆಲದ ಮೇಲೆ, ನಾನು ಕೋಟು ತೊಟ್ಟು ನಿಂತೇ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಆ ಅಂಗಡೀಲಿ ನಾನು ಹುಡುಗೀ ಥರ ಕುಣೀತಿದ್ನಲ್ಲ, ಆಗ್ಲೂ?"

"ಹ್ಞೂಂ. ಅದಕ್ಕೇ ಹೇಳ್ಲಿಲ್ಲ."

ಅವರು ತಲೆಯಾಡಿಸಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಇಷ್ಟು ದಿನ ಮನಸ್ಸಿನಲ್ಲಿ ಉರುಹೊಡೆದಿದ್ದ ಮಾತೆಲ್ಲ ಒಮ್ಮೆಗೇ ಬಾಯಿಗೆ ಬಂತು. "ಅತ್ತೆ, ನಾನು ಒಂದು ಮನೆ ನೋಡಿದೀನಿ. ಮುಂದಿನ ಕೋಣೇಲಿ ಬೆಳಕು ಚೆನ್ನಾಗಿದೆ. ನಮ್ಮ ಮೇಜು ಹಿಡಿಸುತ್ತೆ. ಗಿರಾಕಿಗಳು ನಮ್ಮ ಹಿಂದೇನೇ ಬರ್ತಾರೆ. ನೀವು ನನ್ನ ಜೊತೆ ಬಂದ್ಬಿಡಿ. ಪುಟ್ಟಿ ಇರ್ತಾಳೆ. ನಿಮ್ಮನ್ನ ನಾನು ನೋಡ್ಕೋತೀನಿ, ಬನ್ನಿ ಅತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ, ಆಯಿತು, ಬರುತ್ತಾರೆ ಎಂದುಕೊಂಡೇ ಬಿಟ್ಟೆ.

"ಅವನು ನನ್ನ ಮಗ ಕಣೇ" ಎಂದರು.

ನಾನು ಕೋಟಿನ ತೋಳಿನಂಚನ್ನು ಬೆರಳಲ್ಲಿ ಸುತ್ತತೊಡಗಿದೆ.

"ಕತ್ತೆ, ನಾಚಿಕೆಗೆಟ್ಟವನು, ಎಲ್ಲಾ ನಿಜ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬೇರೆಯವರ ಮನೇದು ನೋಡಿ ನಾನೂ ನಗ್ತಿದ್ದೆ. ಅವನಿಗೆ ಜ್ವರ ಬಂದ್ರೆ ನಂಗೇ ಮೊದ್ಲು ಗೊತ್ತಾಗೋದು. ನಿನ್ನ ಜೊತೆ ಬಂದು ಅಲ್ಲಿ ಕೂತು, ಇವನು ಊಟ ಮಾಡಿದ್ನೋ ಇಲ್ವೋ ಅಂತ ನಿನ್ನ ಎದುರಿಗೆ ಯೋಚನೆ ಮಾಡ್ತಾ ಇರ್ಲಾ? ಅದು ನಿಂಗೆ ಮಾಡೋ ಅನ್ಯಾಯ."

"ಮಾಡಿ ಅತ್ತೆ. ನಾನೇನೂ ಅನ್ನಲ್ಲ."

"ನೀನು ಅನ್ನಲ್ಲ, ಗೊತ್ತು." ಅಂಗೈಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ಸರಿಸಿದರು. "ನಾಳೆ ಅವಳು ಮನೆಗೆ ಬರ್ತಾಳೆ. ಅವಳ ಬಟ್ಟೇನೂ ನಾನೇ ಹೊಲೀಬೇಕಾಗುತ್ತೆ. ಕೆಟ್ಟದಾಗಿ ಹೊಲಿಯೋಣ ಅಂದ್ರೆ ಈ ಹಾಳು ಕೈಗೆ ಅದು ಬರಲ್ಲ. ಚೆನ್ನಾಗೇ ಹೊಲೀತೀನಿ. ಅವಳಿಗೆ ಒಪ್ಪುತ್ತೆ ಕೂಡ. ಅದನ್ನ ನೀನು ನೋಡ್ಬಾರ್ದು ಕಣೇ."

ನನಗೆ ಅಲ್ಲೇ ಕುಸಿದು ಅವರ ತೊಡೆಯ ಮೇಲೆ ತಲೆಯಿಡಬೇಕು ಅನ್ನಿಸಿತು. ಗಂಡ ಬೇರೊಬ್ಬಳ ಹೆಸರು ಹೇಳಿದ ದಿನ ನನ್ನ ಎದೆ ಹೀಗೆ ಒಡೆದಿರಲಿಲ್ಲ. ಅವತ್ತು ಸಿಟ್ಟು ಬಂದಿತ್ತು, ಸಿಟ್ಟಿಗೆ ಕಾಲು ಗಟ್ಟಿ ಇರುತ್ತದೆ. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹುಡುಕಿದರೂ ಒಂದು ಕಾರಣ ಸಿಗಲಿಲ್ಲ. ಕೋಟು ಬಿಚ್ಚಿಬಿಡೋಣವೆಂದು ಮೇಲಿನ ಗುಂಡಿಗೆ ಕೈ ಹಾಕಿದೆ.

"ಬಿಚ್ಚಬೇಡ" ಎಂದರು ಅತ್ತೆ. "ನಿನ್ನ ಅಳತೆಗೆ ನಾನು ಆರಿಸಿ ತಂದಿದ್ದು. ಅವನದ್ದಲ್ಲ ಇದು."

ಮತ್ತೆ ಬಗ್ಗಿ, ಬಟ್ಟೆಯನ್ನು ಒಳಗೆ ಮಡಚಿ, ಒಂದು ಸೂಜಿ ಚುಚ್ಚಿದರು. ಪಕ್ಕದಲ್ಲಿ ಇನ್ನೊಂದು. ಮಡಿಕೆ ನೆಟ್ಟಗೇ ಬರುತ್ತಿತ್ತು. ಮುಂಭಾಗ ಮುಗಿದ ಮೇಲೆ ನನ್ನ ಕಾಲನ್ನು ಮೆಲ್ಲಗೆ ತಟ್ಟಿದರು.

"ತಿರುಗು. ಆ ಕಡೆ ಮುಖ ಮಾಡಿ ನಿಂತ್ಕೋ."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಬೆನ್ನ ಹಿಂದೆ ಅವರು ಅಳುವುದು ಕೇಳಿಸುತ್ತಿತ್ತು. ಸೂಜಿ ಓರೆಯಾದೀತೆಂದು, ಅವರು ಸಾಕು ಎನ್ನುವ ತನಕ ನಾನು ಅಲ್ಲಾಡಲಿಲ್ಲ.