ಚೇಂಬರಿನ ಮೇಲಿನ ಹೆಬ್ಬೆರಳು

ಲಾರಿ ನಿಂತ ಕಡೆಯೆಲ್ಲ ನೆಲದ ಮೇಲೆ ಒಂದು ಕರಿ ಮಚ್ಚೆ ಉಳಿಯುತ್ತಿತ್ತು. ಸಿದ್ರಾಯ ಎಂಜಿನ್ ಬಂದ್ ಮಾಡಿದ್ದೇ ತಡ, ಕೆಳಗೆ ಶುರುವಾಗುತ್ತಿತ್ತು: ಟಪ್. ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಟಪ್. ಎರಡು ವರ್ಷದಿಂದ ಆ ಸದ್ದಿಗೆ ಅವನ ಕೈಯಲ್ಲಿನ ತುತ್ತು ಅಲ್ಲೇ ನಿಂತುಬಿಡುತ್ತಿತ್ತು.

ಲಾರಿ ಅವನ ಅಣ್ಣ ರಾಯಪ್ಪನದು. ಈಗಿನ ಕಾಲದಲ್ಲಿ ಕುರಿ ಹಿಂಡನ್ನು ದೂರದ ಹೊಲಗಳಿಗೆ ನಡೆಸಿಕೊಂಡು ಹೋಗುವವರು ಕಡಿಮೆ. ಲಾರಿಯಲ್ಲೇ ಏರಿಸಿ ಒಯ್ಯುತ್ತಾರೆ. ಕುರಿಗಳ ಉಚ್ಚೆ ಹಲಗೆಯ ಸಂದಿಯಿಂದ ಇಳಿದು ಅಡಿಯ ಕಬ್ಬಿಣವನ್ನೆಲ್ಲ ತಿನ್ನುತ್ತದೆ. ಅದಕ್ಕೇ ರಾಯಪ್ಪ ಪ್ರತಿ ಖೇಪಿನ ನಂತರ ಲಾರಿಯ ಹೊಟ್ಟೆ ತೊಳೆಯುವ ಕೆಲಸವನ್ನು ತಮ್ಮನಿಗೆ ಹಚ್ಚಿದ್ದ. ಸಿದ್ರಾಯ ನಾಳೆ ತೊಳೆದರಾಯಿತು ಎಂದು ದಿನ ದೂಡಿದ. ಒಂದು ದಿನ ಬಗ್ಗಿ ನೋಡಿದರೆ ಚೇಂಬರು, ಅಂದರೆ ಎಂಜಿನ್ನಿನ ಎಣ್ಣೆ ತುಂಬಿರುವ ತಗಡಿನ ತೊಟ್ಟಿ, ತುಕ್ಕು ಹಿಡಿದು ತೂತಾಗಿತ್ತು. ಅಣ್ಣನ ಬೈಗುಳಕ್ಕೆ ಅಂಜಿ, ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುವ ಮೇಣವನ್ನು ಅಂಗಡಿಯಿಂದ ತಂದು ನಾದಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ. ಬೆರಳಿನ ಗುರುತು ಅದರಲ್ಲೇ ಉಳಿಯಿತು. ಯಾರಿಗೂ ಹೇಳಲಿಲ್ಲ. ಮೇಣದ ಅಂಚಿನಿಂದ ಎಣ್ಣೆ ಜಿನುಗುತ್ತಲೇ ಇತ್ತು.

ಅದಾದ ಹತ್ತನೇ ದಿನ ರಾಯಪ್ಪನ ಎದೆ ಹಿಡಿದುಕೊಂಡಿತು. ಗೋಕಾಕದ ದವಾಖಾನೆಗೆಂದು ಅವನನ್ನು ಹತ್ತಿಸಿಕೊಂಡು ಹೊರಟ ಲಾರಿ ಧುಪದಾಳದ ಹತ್ತಿರ ಎಣ್ಣೆ ಬತ್ತಿ, ಕಾದು ನಿಂತುಬಿಟ್ಟಿತು. ಒಡ್ಡಿನ ಮೇಲಿಂದ ನೀರು ಧುಮುಕುವ ಸದ್ದಿನ ನಡುವೆ ಸಿದ್ರಾಯ, ಅತ್ತಿಗೆ ಮಾಯವ್ವ ಇನ್ನೊಂದು ಗಾಡಿಗಾಗಿ ಕೈ ಮಾಡುತ್ತ ನಿಂತರು. ಗಾಡಿ ಸಿಗುವುದರೊಳಗೆ ರಾಯಪ್ಪ ಇರಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಾಯವ್ವ ಲಾರಿಯ ಕೆಳಗೆ ತೂರಿ ಆ ಮೇಣ ಕಂಡಳು. "ನಿಮ್ಮಣ್ಣನ ಕೈ ನೋಡೋ ಇದು! ತಾನ ಮುಚ್ಚಿಕೊಂಡಾನ. ಅದಕ್ಕ ಅಲ್ಲೀ ತನಕಾರ ಬಂತು ಗಾಡಿ" ಎಂದು ಅತ್ತಳು. ಸಿದ್ರಾಯ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಅಂದಿನಿಂದ ಅಮಾಸಿ ಅಮಾಸಿಗೆ, ಲಾರಿಗೆ ಭಂಡಾರ ಹಚ್ಚುವಾಗ, ಆಕೆ ಕಂಬಳಿ ಹಾಸಿ ಕೆಳಗೆ ತೂರಿ ಆ ಬೆರಳಿನ ಗುರುತಿಗೂ ಅರಿಶಿನ ತುಂಬುತ್ತಿದ್ದಳು. ಅವಳು ಹಚ್ಚುತ್ತಿದ್ದರೆ ಇವನ ಬಲಗೈ ಹೆಬ್ಬೆರಳು ಜುಮ್ಮೆನ್ನುತ್ತಿತ್ತು. ಚೇಂಬರು ಬದಲಿಸೋಣವೆಂದರೆ ಆಕೆ ಬಿಡಳು. ಮೇಲೆ ಎಣ್ಣೆ ತುಂಬುತ್ತ, ಕೆಳಗೆ ತಗಡಿನ ಬುಟ್ಟಿ ಇಡುತ್ತ ಎರಡು ವರ್ಷ ಕಳೆದರು.

ಈ ಸಲ ಮೂಡಲಗಿಗೆ ಹಿಂಡು ಒಯ್ಯಬೇಕೆನ್ನುವಾಗ ಸೋರುವುದು ಧಾರೆಯಾಯಿತು. ಬೇರೆ ದಾರಿಯಿಲ್ಲದೆ ಇಬ್ಬರೂ ಲಾರಿಯನ್ನು ಗೋಕಾಕದ ಮಿಸ್ತ್ರಿ ಪರಪ್ಪನ ಹತ್ತಿರ ತಂದರು.

ಪರಪ್ಪ ಚೇಂಬರು ಬಿಚ್ಚಿ, ಬಿಸಿಲಿಗೆ ಹಿಡಿದ. "ಏನ್ರವ್ವಾ, ಇದು ಚೇಂಬರೋ ಹಿಟ್ಟಿನ ಜರಡಿಯೋ? ಕುರಿ ಉಚ್ಚಿ ಹೊಯ್ದು ಹೊಯ್ದು ಹಪ್ಪಳ ಆಗೇತಿ. ಇದರಾಗ ಎಣ್ಣಿ ನಿಂತದ್ದ ದೊಡ್ಡದು."

"ಹೊಸಾದು ಹಾಕ್ರಿ ಕಾಕಾ. ಖರೆ ಆ ಮೇಣ ಒಡೀಬ್ಯಾಡ್ರಿ, ನನಗ ಬೇಕು" ಎಂದಳು ಮಾಯವ್ವ. "ದೇವರ ಜಗಲಿ ಮ್ಯಾಲ ಇಡ್ತೀನಿ, ಮೂರ್ತಿ ಬಾಜೂಕ."

ಪರಪ್ಪ ಉಳಿಯಿಂದ ಹಗುರವಾಗಿ ಮೇಣ ಎಬ್ಬಿಸಿ, ಡೀಸೆಲ್ಲಿನಲ್ಲಿ ಅದ್ದಿ ತೊಳೆದು ಅವಳ ಅಂಗೈಗಿಟ್ಟ. ಎರಡು ವರ್ಷದ ಅರಿಶಿನ ತೊಳೆದುಹೋಗಿತ್ತು. ಬೆರಳಿನ ಗುರುತಿನ ಮೇಲೆ ಓರೆಯಾಗಿ ಒಂದು ಗೆರೆ ಎದ್ದು ಕಾಣುತ್ತಿತ್ತು.

"ಇದೇನ ಸೀಳೇತಿ?" ಎಂದು ಮಾಯವ್ವ ಗೆರೆ ಸವರಿದಳು.

ಉಣ್ಣೆ ಕತ್ತರಿಸುವಾಗ ಕತ್ತರಿ ಬಡಿದು ಸಿದ್ರಾಯನ ಹೆಬ್ಬೆರಳಿಗೆ ಆದ ಗಾಯದ ಗುರುತು ಅದು. ಸುಮ್ಮನಿದ್ದರೆ ಈ ಮೇಣ ನಾಳೆ ಜಗಲಿ ಏರುತ್ತದೆ, ತಾನು ಸಾಯುವ ತನಕ ಅದಕ್ಕೆ ಕೈ ಮುಗಿಯಬೇಕಾಗುತ್ತದೆ ಎಂದು ಸಿದ್ರಾಯನಿಗೆ ಹೊಳೆಯಿತು. ಮುಂದೆ ಬಂದು ಆ ತಗ್ಗಿನಲ್ಲಿ ತನ್ನ ಹೆಬ್ಬೆರಳು ಇಟ್ಟ. ಗೆರೆಗೆ ಗೆರೆ ಕೂಡಿತು.

"ಅಣ್ಣಂದಲ್ಲ ವೈನಿ. ನಂದು. ತೊಳೀಲಿಲ್ಲ ನಾನು. ತೂತು ಬಿದ್ದದ್ದ ಕಂಡ್ರೂ ಹೇಳಲಿಲ್ಲ."

ಪರಪ್ಪ ನಟ್ಟು ಬಿಚ್ಚುವ ಪಾನ ಕೆಳಗಿಟ್ಟು, ಚಹಾ ಹೇಳುವ ನೆಪದಲ್ಲಿ ಹೊರಗೆ ನಡೆದ.

ಮಾಯವ್ವ ಅವನ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. "ಧುಪದಾಳದಾಗ ನಾ ಗಾಡಿಗೆ ಕೈ ಮಾಡಾಕತ್ತಿದ್ದೆ. ಆವಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಇಪ್ಪತ್ತನಾಕ ಅಮಾಸಿ, ಮೈದುನಾ. ನಿನ್ನ ಬೆರಳಿಗೆ ಭಂಡಾರ ಹಚ್ಚೀನಿ. ನೀ ಬಾಜೂಕ ನಿಂತ ನೋಡೀದಿ."

ಅವನಿಗೆ ಬೈಗುಳ ಬೇಕಿತ್ತು, ಆಕೆ ಬೈಯಲಿಲ್ಲ. ಮೇಣದ ತುಂಡನ್ನು ಅವನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ನಿಂದು ನೀ ಇಟ್ಕೊ. ನಮ್ಮ ಜಗಲಿ ಮ್ಯಾಲ ಬ್ಯಾಡ." ಆಮೇಲೆ ಬಾಗಿಲತ್ತ ತಿರುಗಿ ಕೂಗಿದಳು: "ಕಾಕಾ, ಬರ್ರಿ, ಹೊಸಾದು ಏರಿಸ್ರಿ. ಕುರಿ ಉಪವಾಸ ಅದಾವು."

ಲಾರಿ ಅವರ ಊರು ಘೋಡಗೇರಿಗೆ ಮರಳಿತು. ಮಾಯವ್ವ ಅಂಗಳದಲ್ಲಿ ಇಳಿದವಳೇ ಒಂದು ಕೊಡ ನೀರು, ಒಂದು ಬ್ರಶ್ಶು ತಂದು ಲಾರಿಯ ಬದಿಗಿಟ್ಟು ಒಳಗೆ ಹೋದಳು.

ಸಿದ್ರಾಯ ಕೆಳಗೆ ತೂರಿ ಅಂಗಾತ ಮಲಗಿದ. ಹೊಸ ಚೇಂಬರು ಒಣಗಿತ್ತು. ಒಂದು ಹನಿ ಎಣ್ಣೆಯಿಲ್ಲ. ಅವನು ಬ್ರಶ್ಶು ಎತ್ತಿದ. ಅಂಗಿಯ ಕಿಸೆಯಲ್ಲಿದ್ದ ಮೇಣದ ತುಂಡು ಎದೆಗೆ ಒತ್ತುತ್ತಿತ್ತು. ಕಿವಿಯಲ್ಲಿ, ಹಿಂದಿನಷ್ಟೇ ಸಾವಕಾಶವಾಗಿ, ಟಪ್ ಎಂದಿತು. ಅವನು ತೊಳೆಯತೊಡಗಿದ.