ಎರಡನೆಯ ಹಾಳೆ

ಜುಲೈ ತಿಂಗಳ ಕೊನೆಯ ಮಂಗಳವಾರ ಡೆಸ್ಸಾ ಕೊಲಾರಿಕ್ ಎಂಬ ಹೆಣ್ಣುಮಗಳ ಮೇಲ್ಮನವಿ ಪ್ರೊಫೆಸರ್ ಆರ್ಲೊ ಹಾವರ್‌ಕ್ಯಾಂಪರ ಮೇಜಿಗೆ ಬಂತು. ಅವರು ಅದನ್ನು ಬಿಡಿಸಿ ನೋಡಲಿಲ್ಲ. ಕಡತದ ಮೇಲೆ ಬರೆದಿದ್ದ ಕಾಲೇಜಿನ ಹೆಸರು ಲೂಪ್ ಕ್ರಾಸಿಂಗ್. ಅಷ್ಟು ಓದಿದ ಮೇಲೆ ಒಳಗೆ ಏನಿದೆಯೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಕಡತ ತಂದವಳು ರಿಜಿಸ್ಟ್ರಾರ್ ಕಚೇರಿಯ ಐಮೊಜೀನ್ ಪ್ರುವಿಟ್. ಬೇರೆ ಕಾಲೇಜುಗಳಿಂದ ವರ್ಗವಾಗಿ ಬರುವವರ ಹಳೆಯ ಓದನ್ನು ತೂಗಿನೋಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ.

"ಶುಕ್ರವಾರದೊಳಗೆ ಬೇಕು ಆರ್ಲೊ. ನರ್ಸಿಂಗ್‌ನವರು ಆಮೇಲೆ ಒಂದು ದಿನಾನೂ ಸೀಟು ಹಿಡಿದಿಡಲ್ಲ. ನಿಮ್ಮ ಅಂಗರಚನಾಶಾಸ್ತ್ರ ಇನ್ನೊಂದು ಸಲ ಓದು ಅಂದ್ರೆ ಅವಳಿಗೆ ಪೂರ್ತಿ ವರ್ಷ ಹೋಯ್ತು."

"ಪಟ್ಟಿ ಏನನ್ನುತ್ತೆ?"

"ಪಟ್ಟಿ ನೀವು ಹೇಳಿಕೊಟ್ಟಿದ್ದನ್ನೇ ಅನ್ನುತ್ತೆ. ಗಿಣಿ ಅದು, ಬೇರೇನು ಗೊತ್ತು ಅದಕ್ಕೆ?" ಐಮೊಜೀನ್ ನಕ್ಕು ಹೊರಟುಹೋದಳು.

ಪಟ್ಟಿಯೆಂದರೆ ಸಮಾನತೆಯ ಪಟ್ಟಿ. ಹೊರಗಿನ ಕಾಲೇಜಿನ ಒಂದು ಪಾಠ ಇಲ್ಲಿಯ ಪಾಠಕ್ಕೆ ಸರಿಸಮವೇ ಎಂಬ ಸಂದೇಹ ಬಂದರೆ ಅದರ ಪಠ್ಯಕ್ರಮ ವಿಭಾಗಕ್ಕೆ ಬರುತ್ತದೆ. ವಿಷಯ, ಪುಸ್ತಕ, ಪ್ರಯೋಗಾಲಯದ ಗಂಟೆಗಳನ್ನು ಒಬ್ಬ ಅಧ್ಯಾಪಕ ನೋಡಿ ಒಂದು ಸಾಲು ಬರೆಯುತ್ತಾನೆ. ಆ ಸಾಲು ಪಟ್ಟಿಗೆ ಸೇರಿದ ಮೇಲೆ ಮತ್ತಾರೂ ಪಠ್ಯಕ್ರಮದ ಮುಖ ನೋಡುವುದಿಲ್ಲ. ಒಬ್ಬನಿಗೆ ಹೇಳಿದ 'ಇಲ್ಲ', ಆ ಕಾಲೇಜಿನಿಂದ ಬರುವ ಎಲ್ಲರಿಗೂ ಹೇಳಿದ 'ಇಲ್ಲ' ಆಗುತ್ತದೆ. ಅಂಥವರ ಕ್ರೆಡಿಟ್ಟುಗಳನ್ನು ಐಚ್ಛಿಕವೆಂಬ ಹೆಸರಿನಲ್ಲಿ ಅಂಕಪಟ್ಟಿಯಲ್ಲಿ ಉಳಿಸುತ್ತಾರೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ, ಒಂದು ಶುಕ್ರವಾರದ ಮಧ್ಯಾಹ್ನ, ಹಾವರ್‌ಕ್ಯಾಂಪರ ಮುಂದೆ ನಲವತ್ತು ಪಠ್ಯಕ್ರಮಗಳ ರಾಶಿಯಿತ್ತು. ಹೊರಗೆ ಫುಟ್ಬಾಲ್ ಪಂದ್ಯಕ್ಕೆ ಕಾರುಗಳು ಆಗಲೇ ಸಾಲುಗಟ್ಟಿದ್ದವು. ಲೂಪ್ ಕ್ರಾಸಿಂಗ್‌ನ ಅಂಗರಚನಾಶಾಸ್ತ್ರದ ಮೊದಲ ಹಾಳೆಯಲ್ಲಿ ಪ್ರಯೋಗಾಲಯದ ಸೊಲ್ಲಿರಲಿಲ್ಲ. ಅವರು ಹಾಳೆ ಮಗುಚಲಿಲ್ಲ. 'ಪ್ರಯೋಗಾಲಯವಿಲ್ಲ, ಸಮಾನವಲ್ಲ' ಎಂದು ಬರೆದು ಮುಂದಿನದಕ್ಕೆ ಕೈಹಾಕಿದರು. ಎರಡು ವರ್ಷದ ಸಣ್ಣ ಕಾಲೇಜು, ಜೋಳದ ಹೊಲಗಳ ನಡುವಿನ ನಾಲ್ಕು ಕಟ್ಟಡ. ಅಲ್ಲಿ ಪ್ರಯೋಗಾಲಯ ಇದ್ದರೂ ಎಂಥದಿದ್ದೀತು ಎಂಬ ಉದಾಸೀನವೂ ಆ ಕೈಯಲ್ಲಿತ್ತು.

ಇದು ತಪ್ಪು, ಆದರೆ ಅವರನ್ನು ತಿನ್ನುತ್ತಿದ್ದುದು ಈ ತಪ್ಪಲ್ಲ.

ಆರು ವರ್ಷಗಳ ಹಿಂದೆ ವಿಭಾಗ ಹೊಸ ಕಟ್ಟಡಕ್ಕೆ ಹೋಗುವಾಗ, ಹಳೆಯ ಕಡತವೊಂದರ ಬೆನ್ನಿಗೆ ಅಂಟಿದ್ದ ಹಾಳೆಯೊಂದು ಅವರ ಕೈಗೆ ಬಂದಿತ್ತು. ಪಿನ್ನು ಕಿತ್ತ ಎರಡು ತೂತು; ಅದೇ ಪಠ್ಯಕ್ರಮದ ಎರಡನೆಯ ಹಾಳೆ. ಲೂಪ್ ಕ್ರಾಸಿಂಗ್‌ನಲ್ಲಿ ಪ್ರಯೋಗಾಲಯ ಬೇರೆಯೇ ಸಂಖ್ಯೆಯ ಪಾಠವಾಗಿತ್ತು: ವಾರಕ್ಕೆ ನಾಲ್ಕು ಗಂಟೆ, ಬೋಧಕ ಆಸ್ಟರ್‌ಲುಂಡ್, ಸ್ವಂತ ಪ್ರಯೋಗಾಲಯವಿಲ್ಲದ್ದರಿಂದ ಪಶುವೈದ್ಯ ತರಬೇತಿಯ ಕೋಣೆಯಲ್ಲಿ. ಇಲ್ಲಿಯದಕ್ಕಿಂತ ಒಂದು ಗಂಟೆ ಹೆಚ್ಚೇ. ಹಾವರ್‌ಕ್ಯಾಂಪ್ ಕಿಟಕಿಯ ಬಳಿ ನಿಂತು ಅದನ್ನು ಎರಡು ಸಲ ಓದಿದರು. ಮುಂದಿನ ವರ್ಷ ಪಟ್ಟಿಯ ಮರುಪರಿಶೀಲನೆ ಇದೆ, ಆಗ ಸದ್ದಿಲ್ಲದೆ ಸರಿಮಾಡಿದರಾಯಿತು ಎಂದುಕೊಂಡು ಡ್ರಾಯರಿಗೆ ಹಾಕಿದರು. ಮುಂದಿನ ವರ್ಷ ಬಂತು. ಬದಲಾವಣೆಗೆ ಕಾರಣ ಬರೆಯಬೇಕಾದ ಖಾಲಿ ಜಾಗ ಅವರನ್ನು ದಿಟ್ಟಿಸಿತು. ಅವರು 'ಬದಲಾವಣೆ ಇಲ್ಲ' ಎಂದು ಬರೆದು ಸಹಿ ಮಾಡಿದರು.

ಕಣ್ಣು ತಪ್ಪುವುದು ಬೇರೆ, ಕಣ್ಣು ತಪ್ಪಿಸುವುದು ಬೇರೆ ಎಂಬುದು ಆ ಸಹಿಯ ದಿನದಿಂದ ಅವರಿಗೆ ಗೊತ್ತು.

ಈಗ ಮೇಲ್ಮನವಿಯ ನಮೂನೆಯಲ್ಲಿ ಎರಡು ಚೌಕಗಳಿದ್ದವು. 'ಈ ವಿದ್ಯಾರ್ಥಿಗೆ ಮಾತ್ರ' ಎಂಬುದು ಒಂದು. ಅದಕ್ಕೆ ಕಾರಣ ಕೊಡಬೇಕಿಲ್ಲ, ಪಟ್ಟಿಯನ್ನು ಮುಟ್ಟಬೇಕಿಲ್ಲ. 'ಎಲ್ಲರಿಗೂ, ಇಂಥ ದಿನಾಂಕದಿಂದ' ಎಂಬುದು ಇನ್ನೊಂದು. ಹಾವರ್‌ಕ್ಯಾಂಪ್ ಮೊದಲನೆಯದಕ್ಕೆ ಗುರುತು ಹಾಕಿದರು. ಆ ಹೆಣ್ಣಿಗೆ ಸೀಟು ಸಿಕ್ಕಿತು, ತನಗೆ ಬರುವ ಮೇ ತಿಂಗಳಲ್ಲಿ ನಿವೃತ್ತಿ. ಯಾರಿಗೇನು ನಷ್ಟ?

ಬುಧವಾರ ಡೆಸ್ಸಾ ತಾನೇ ಬಂದಳು. ಮೂವತ್ತನಾಲ್ಕರ ಹೆಂಗಸು, ವೃದ್ಧಾಶ್ರಮದ ಕೆಲಸದ ಸಮವಸ್ತ್ರದಲ್ಲೇ ನೂರು ಮೈಲಿ ಕಾರು ಓಡಿಸಿಕೊಂಡು ಬಂದಿದ್ದಳು. ತೊಡೆಯ ಮೇಲೆ ದಪ್ಪನೆಯ ನೋಟುಪುಸ್ತಕ.

"ನಿಮ್ಮ ಟೈಮ್ ಹಾಳು ಮಾಡಲ್ಲ ಪ್ರೊಫೆಸರ್. ನಾವು ಲ್ಯಾಬ್ ಮಾಡಿದ್ದು ನಿಜ ಅಂತ ತೋರಿಸೋಕೆ ಬಂದೆ. ನೋಡಿ, ಎಲ್ಲಾ ಚಿತ್ರ ಕೈಯಲ್ಲೇ ಬರೆದಿದ್ದು. ನಾವು ಕುಯ್ದು ಕಲಿತ ಬೆಕ್ಕಿಗೆ ಡೀನ್ ಅಂತ ಹೆಸರಿಟ್ಟಿದ್ವಿ."

"ಡೀನ್?"

"ತುಂಬ ಗಟ್ಟಿ ಪ್ರಾಣಿ. ಎಷ್ಟು ಕುಯ್ದರೂ ಹೃದಯ ಬೇಗ ಸಿಗಲಿಲ್ಲ."

ಹಾವರ್‌ಕ್ಯಾಂಪರಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಮುಂದೋಳಿನ ಸ್ನಾಯುಗಳ ಚಿತ್ರವೊಂದು ಅವರ ಕಣ್ಣ ಮುಂದಿತ್ತು. ತಮ್ಮ ತರಗತಿಯಲ್ಲಿ ಇಷ್ಟು ಶ್ರದ್ಧೆಯ ಗೆರೆಯನ್ನು ಕಂಡು ಎಷ್ಟು ವರ್ಷವಾಯಿತೆಂದು ಅವರು ಲೆಕ್ಕ ಹಾಕಲು ಹೋಗಲಿಲ್ಲ.

"ನಿಮಗೆ ಕ್ರೆಡಿಟ್ ಸಿಗುತ್ತದೆ," ಎಂದರು. "ಆಗಲೇ ಗುರುತು ಹಾಕಿದ್ದೇನೆ."

ಡೆಸ್ಸಾ ಅಂಗೈಯಿಂದ ಕಣ್ಣೊರೆಸಿಕೊಂಡಳು. "ನೀವು ದೊಡ್ಡವರು ಸರ್. ಎಲ್ಲರೂ ಹೆದರಿಸಿದ್ರು, ಅಲ್ಲಿಯೋರು ಕಲ್ಲು, ಕರಗಲ್ಲ ಅಂತ. ರೊಸಾಲ್ಬಾಗೆ ಹೇಳ್ತೀನಿ, ನಂಬೋದೇ ಇಲ್ಲ ಅವಳು."

"ರೊಸಾಲ್ಬಾ ಯಾರು?"

"ನನ್ನ ಲ್ಯಾಬ್ ಜೊತೆಗಾತಿ. ಈ ಚಿತ್ರಗಳಲ್ಲಿ ಅರ್ಧ ಅವಳದೇ. ನನಗಿಂತ ಚುರುಕು. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಅರ್ಜಿ ಹಾಕಿದ್ಲು, ಲ್ಯಾಬ್ ಇಲ್ಲ ಅಂದುಬಿಟ್ರು. ಇನ್ನೊಂದು ವರ್ಷ ಯಾರು ಕಾಯ್ತಾರೆ ಅಂತ ಬಿಟ್ಟುಬಿಟ್ಲು. ಈಗ ಧಾನ್ಯದ ಗೋದಾಮಿನಲ್ಲಿ ಲಾರಿ ತೂಕ ಹಾಕ್ತಾಳೆ. ಅವಳಿಗೆ ನಿಮ್ಮಂಥೋರು ಸಿಗಲಿಲ್ಲ, ಅಷ್ಟೇ."

ಡೆಸ್ಸಾ ಎದ್ದು ಎರಡು ಕೈಯಿಂದಲೂ ಅವರ ಕೈ ಹಿಡಿದು ಕುಲುಕಿದಳು. ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ರೊಸಾಲ್ಬಾಗೆ ಇಲ್ಲವೆಂದದ್ದೂ ಅದೇ ಕೈಯೆಂದು ಹೇಳಿಕೊಳ್ಳಲೂ ಆಗದೆ ಹಾವರ್‌ಕ್ಯಾಂಪ್ ನಿಂತೇ ಇದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೃತಜ್ಞತೆಗೆ ಒಡ್ಡಲು ಅವರಲ್ಲಿ ಯಾವ ಗುರಾಣಿಯೂ ಇರಲಿಲ್ಲ.

ಗುರುವಾರ ಬೆಳಗ್ಗೆ ಅವರು ಹೊಸ ನಮೂನೆಯೊಂದನ್ನು ತೆಗೆದುಕೊಂಡು ಎರಡನೆಯ ಚೌಕಕ್ಕೆ ಗುರುತು ಹಾಕಿ, ಹದಿನಾಲ್ಕು ವರ್ಷಗಳ ಹಿಂದಿನ ಆ ಶುಕ್ರವಾರದ ದಿನಾಂಕ ಬರೆದರು. ಡ್ರಾಯರಿನ ಹಾಳೆಯನ್ನೂ ಜೊತೆಗಿಟ್ಟು ತಾವೇ ರಿಜಿಸ್ಟ್ರಾರ್ ಕಚೇರಿಗೆ ನಡೆದರು.

ಐಮೊಜೀನ್ ನಮೂನೆ ನೋಡಿ ಕನ್ನಡಕ ಹಣೆಗೇರಿಸಿದಳು. "ದಿನಾಂಕ ತಪ್ಪು ಬರೆದಿದೀರಿ."

"ಇಲ್ಲ, ಸರಿಯಾಗೇ ಬರೆದಿದ್ದೇನೆ. ತಪ್ಪಾಗಿದ್ದು ಆ ದಿನ. ಎರಡನೆಯ ಹಾಳೆ ನಾನು ನೋಡಲಿಲ್ಲ."

"ಅಯ್ಯೋ, ಇವತ್ತಿನ ದಿನಾಂಕ ಹಾಕಿ ಸುಮ್ಮನಿರಿ ಅಂದ್ರೆ! ಹಳೇದನ್ನ ಕೆದಕಿದ್ರೆ ಅಷ್ಟೂ ಜನರ ಕಡತ ನಾನು ತೆಗೀಬೇಕು. ನಿವೃತ್ತಿಗೆ ಮುಂಚೆ ಪುಣ್ಯ ಕಟ್ಕೋಬೇಕು ಅಂತಿದ್ರೆ ಚರ್ಚಿಗೆ ಹೋಗಿ, ನನ್ನ ಟೇಬಲಿಗೆ ಯಾಕೆ ಬರ್ತೀರಿ?"

"ತೆಗೆ ಐಮೊಜೀನ್. ಎಷ್ಟು ಜನ?"

ಗೊಣಗುತ್ತಲೇ ಅವಳು ಹುಡುಕಿದಳು. ಮುದ್ರಣಯಂತ್ರ ಹೆಸರುಗಳನ್ನು ಒಂದೊಂದಾಗಿ ಹೊರಗೆ ನೂಕಿತು. ನಲವತ್ತೇಳು. ಹಾವರ್‌ಕ್ಯಾಂಪ್ ವರ್ಷಗಳ ಮೇಲೆ ಬೆರಳಾಡಿಸಿದರು. ಅವರಲ್ಲಿ ಹತ್ತೊಂಬತ್ತು ಮಂದಿ ಆ ಹಾಳೆ ಡ್ರಾಯರು ಸೇರಿದ ಮೇಲೆ ಬಂದವರು. ಆ ಎಣಿಕೆಯನ್ನು ಮಾತ್ರ ಅವರು ಐಮೊಜೀನ್‌ಗೆ ಹೇಳಲಿಲ್ಲ.

ಮಧ್ಯಾಹ್ನ ಕೂತು ಎಲ್ಲರಿಗೂ ಒಂದೇ ಪತ್ರದ ಕರಡು ಬರೆದರು. 'ಇತ್ತೀಚೆಗೆ ನಮ್ಮ ಗಮನಕ್ಕೆ ಬಂದಿರುವ ಒಂದು ಲೋಪದಿಂದಾಗಿ' ಎಂದು ಅದು ಆರಂಭವಾಗುತ್ತಿತ್ತು. ನಯವಾದ ಸಾಲು. ಸಹಿ ಮಾಡುವ ಮೊದಲು ಒಬ್ಬರಿಗಾದರೂ ಬಾಯಿಬಿಟ್ಟು ಹೇಳಬೇಕೆನಿಸಿತು. ಆ ನಲವತ್ತೇಳು ಹೆಸರುಗಳಿಂದ ರೊಸಾಲ್ಬಾ ಕಿನ್ಯೋನೆಸ್‌ಳ ಸಂಖ್ಯೆ ಹುಡುಕಿ ಫೋನು ಮಾಡಿದರು.

"ಲಾರಿ ನಂಬರ್ ಹೇಳಿ."

"ಲಾರಿಯಲ್ಲ. ನಾನು ಆರ್ಲೊ ಹಾವರ್‌ಕ್ಯಾಂಪ್, ವಿಶ್ವವಿದ್ಯಾಲಯದಿಂದ."

ಹದಿನಾಲ್ಕು ವರ್ಷಗಳ ಹಿಂದೆ ಎರಡನೆಯ ಹಾಳೆ ನೋಡದೆಹೋದ ಕಥೆಯನ್ನು ಅವರು ಹೇಳಿದರು. ಕ್ರೆಡಿಟ್ಟುಗಳು ಅವಳವೇ, ಇನ್ನು ಮೇಲೆ ಯಾರೂ ಇಲ್ಲವೆನ್ನಲಾರರು, ಆದರೆ ಸೀಟಿನ ಭರವಸೆ ಕೊಡಲು ತಮ್ಮಿಂದಾಗದು ಎಂದರು.

"ನಾಲ್ಕು ವರ್ಷ ಆದಮೇಲೆ," ಎಂದಳು ರೊಸಾಲ್ಬಾ. ದನಿ ಏರಿರಲಿಲ್ಲ. "ಈಗ ಯಾಕೆ ಹೇಳ್ತಿದೀರಿ?"

"ನಿಮ್ಮ ಓದಿನಲ್ಲಿ ಕೊರತೆ ಇರಲಿಲ್ಲ. ಅದು ನಿಮಗೆ ಗೊತ್ತಾಗಲಿ ಅಂತ."

"ಅದು ನನಗೆ ಆವತ್ತೇ ಗೊತ್ತಿತ್ತು ಸರ್. ಗೊತ್ತಿಲ್ಲದೇ ಇದ್ದಿದ್ದು ನಿಮಗೆ."

ಇಲ್ಲಿ ಹೌದೆಂದರೆ ಮುಗಿಯುತ್ತಿತ್ತು. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು.

"ನನಗೂ ಗೊತ್ತಿತ್ತು," ಎಂದರು ಹಾವರ್‌ಕ್ಯಾಂಪ್. "ನಿಮ್ಮ ಅರ್ಜಿ ಬರೋಕೆ ಎರಡು ವರ್ಷ ಮುಂಚೆಯೇ ಹಾಳೆ ಸಿಕ್ಕಿತ್ತು. ಡ್ರಾಯರಿನಲ್ಲಿಟ್ಟೆ. ಬದಲಾವಣೆ ಇಲ್ಲ ಅಂತ ಸಹಿ ಮಾಡಿದೆ."

"ತಡೀರಿ, ಲಾರಿ ಬಂತು."

ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ದೂರದಲ್ಲಿ ಎಂಜಿನ್ನಿನ ಗುಡುಗು, ಯಾರೋ ಯಾರನ್ನೋ ರೇಗಿಸುವ ಕೂಗು, ಅದಕ್ಕೆ ರೊಸಾಲ್ಬಾಳ ಖಾರದ ಮರುಮಾತು, ನಗು. ಅವರಿಲ್ಲದೆಯೂ ನಡೆದುಹೋಗುತ್ತಿದ್ದ ಬದುಕು. ಹಾವರ್‌ಕ್ಯಾಂಪ್ ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವಳು ಮರಳಿದಳು.

"ಇನ್ನೂ ಇದೀರಾ?"

"ಇದ್ದೇನೆ."

"ಡೆಸ್ಸಾ ನಿನ್ನೆ ಫೋನ್ ಮಾಡಿ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಅವಳಿಗೂ ಹೇಳಿದೀರಾ ಇದನ್ನ?"

"ಇಲ್ಲ."

"ಹೇಳಿ. ನನಗೆ ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕಳಿಸಿ. ಗೊತ್ತಿತ್ತು ಅಂತ. ನರ್ಸಿಂಗ್ ಸೇರ್ತೀನೋ ಬಿಡ್ತೀನೋ, ಅದು ನನ್ನ ತಲೆನೋವು."

ಫೋನು ಕಟ್ಟಾಯಿತು. ಹಾವರ್‌ಕ್ಯಾಂಪ್ ಕರಡನ್ನು ಹತ್ತಿರ ಎಳೆದುಕೊಂಡರು. 'ಇತ್ತೀಚೆಗೆ' ಎಂಬುದನ್ನು ಹೊಡೆದುಹಾಕಿ ಅಲ್ಲಿ ಆರು ವರ್ಷಗಳ ಹಿಂದಿನ ಇಸವಿಯನ್ನು ಬರೆದರು. 'ನಮ್ಮ ಗಮನಕ್ಕೆ' ಎಂದಿದ್ದನ್ನು 'ನನ್ನ ಗಮನಕ್ಕೆ' ಎಂದು ತಿದ್ದಿದರು. 'ಲೋಪ' ಎಂಬ ಪದದ ಮೇಲೆ ಲೇಖನಿ ಬಹಳ ಹೊತ್ತು ನಿಂತಿತು.