ಕಾಶವ್ವನ ಕೈಗೆ ಬಂದ ಕಬ್ಬಿಣದ ರಾಡು

ನಾನು ಒಂದು ಕಬ್ಬಿಣದ ರಾಡು. ಎರಡೂ ತುದಿಗೆ ತೂಕದ ಚಕ್ರಗಳನ್ನು ಪೋಣಿಸಿ ಎತ್ತುತ್ತಾರಲ್ಲ, ಆ ಜಾತಿಯವನು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಲೇಥ್ ಅಂಗಡಿಯಲ್ಲಿ. ಮಾಬುಸಾಬ ನದಾಫ ಎಂಬ ಉಸ್ತಾದರು ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತು, ಉದ್ದ ಏಳಡಿ, ತೂಕ ಇಪ್ಪತ್ತು ಕಿಲೋ ಎಂದು ಹಟ ಹಿಡಿದು ನನ್ನನ್ನು ಕಡೆಸಿದರು. ಆಮೇಲೆ ಬಸ್ಸಿನ ಟಾಪಿನ ಮೇಲೆ ಮಲಗಿಸಿಕೊಂಡು ಗದಗಿಗೆ ತಂದರು.

ಅವರ ವ್ಯಾಯಾಮ ಶಾಲೆ ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಬರುತ್ತಿದ್ದ ಹುಡುಗರಿಗೆಲ್ಲ ಎದೆ, ತೋಳುಗಳದ್ದೇ ಚಿಂತೆ. ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ನೆಲದ ಮೇಲಿಂದ ನನ್ನನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಎಂದರೆ ಮೂಗು ಮುರಿಯುತ್ತಿದ್ದರು. ಉಸ್ತಾದರು ಹೇಳಿ ಹೇಳಿ ಸೋತು, ಕೊನೆಗೆ ತಾವೊಬ್ಬರೇ ನನ್ನನ್ನು ಎತ್ತಿ ಇಳಿಸುತ್ತಿದ್ದರು.

ಹಾಗೇ ಆರೇಳು ವರ್ಷ ಕಳೆದ ಮೇಲೆ ಒಂದು ಮುಂಜಾನೆ ಕಾಶವ್ವ ಬಂದಳು.

ವಯಸ್ಸು ನಲವತ್ತೊಂಬತ್ತು, ಆಸ್ಪತ್ರೆಯಲ್ಲಿ ಆಯಾ ಕೆಲಸ. ಗಂಡ ಗುರುಸಿದ್ಧಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಅವನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿ ಇವಳ ಸೊಂಟ ಹಿಡಿದುಕೊಂಡಿತ್ತು. ಮೂರು ವಾರ ಇಬ್ಬರೂ ಅಕ್ಕಪಕ್ಕ ಮಲಗಿದ್ದರಂತೆ. ಎಲುಬಿಗೇನೂ ಆಗಿಲ್ಲ, ಬೆನ್ನಿಗೆ ಬಲವಿಲ್ಲ, ವ್ಯಾಯಾಮ ಮಾಡು ಎಂದಿದ್ದರು ಡಾಕ್ಟರು. ಮೈದುನ ಮಾತ್ರ ಅಣ್ಣನನ್ನು ರೋಗಿಗಳನ್ನು ನೋಡಿಕೊಳ್ಳುವ ಒಂದು ಆಶ್ರಮಕ್ಕೆ ಸೇರಿಸಲು ಅರ್ಜಿ ತಂದಿಟ್ಟಿದ್ದ. ಹೆಂಡತಿ ನರಳುವುದನ್ನು ನೋಡಲಾರದೆ ಗುರುಸಿದ್ಧಪ್ಪನೂ ಅದಕ್ಕೆ ಹೆಬ್ಬೆಟ್ಟು ಒತ್ತಲು ತಯಾರಾಗಿದ್ದ.

ಇದನ್ನೆಲ್ಲ ಹೇಳಿ ಕಾಶವ್ವ ಉಸ್ತಾದರನ್ನು ಕೇಳಿದ್ದು ಒಂದೇ ಮಾತು. "ಅಣ್ಣಾರ, ಅರವತ್ತೆರಡು ಕಿಲೋ ಅದಾರ ನಮ್ಮನಿಯವ್ರು. ನನ್ನ ಕೈಲೆ ಎತ್ತಾಕ ಆಕ್ಕೈತೇನ್ರಿ?"

"ಇವತ್ತ ಆಗಂಗಿಲ್ಲ ತಂಗಿ," ಎಂದರು ಉಸ್ತಾದರು. "ದೀಪಾವಳಿ ದಾಟಲಿ."

ಮೊದಲ ತಿಂಗಳು ಅವಳಿಗೆ ಸಿಕ್ಕಿದ್ದು ಕಸಬರಿಗೆಯ ಕೋಲು. ಬೆನ್ನು ಬಾಗಿಸದೆ ಕುಂಡೆ ಹಿಂದಕ್ಕೆ ತಳ್ಳಿ ಬಗ್ಗುವುದನ್ನು ಕಲಿಯಲು ಅಷ್ಟು ದಿನ ಬೇಕಾಯಿತು. ಹುಟ್ಟಿದಾಗಿನಿಂದ ಕೊಡ, ಬುಟ್ಟಿ, ರೋಗಿ ಎಲ್ಲವನ್ನೂ ಅವಳು ಸೊಂಟದಿಂದಲೇ ಎತ್ತಿದವಳು. ನಾನು ಎರಡು ಹಳೇ ಟೈರುಗಳ ಮೇಲೆ ಕೂತು ಕಾದೆ. ಕೊನೆಗೆ ಒಂದು ದಿನ ಅವಳ ಬಿಸಿ ಅಂಗೈ ನನ್ನ ಮೇಲೆ ಬಿತ್ತು. ಫಿನಾಯಿಲ್ ವಾಸನೆಯ ಕೈ. "ಹೊಟ್ಟಿ ತುಂಬ ಉಸರ ತಗೋ. ಕೈಲೆ ಜಗ್ಗಬ್ಯಾಡ, ಕಾಲಿಲೆ ನೆಲಾ ಒತ್ತು," ಎಂದರು ಉಸ್ತಾದರು. ನಾನು ಅವಳ ಮೊಣಕಾಲು ಸವರಿಕೊಂಡು ಮೇಲೆ ಹೋದೆ. ಅವಳು ನಿಂತಳು. ಹುಡುಗರು ಕನ್ನಡಿ ಬಿಟ್ಟು ಈ ಕಡೆ ತಿರುಗಿದರು.

ಇಪ್ಪತ್ತು ಮೂವತ್ತಾಯಿತು, ಮೂವತ್ತು ನಲವತ್ತೈದಾಯಿತು. ನಡುವೆ ಒಮ್ಮೆ ಅವಸರ ಮಾಡಿ ಬೆನ್ನು ಉಳುಕಿಸಿಕೊಂಡು, ಎರಡು ವಾರ ಮತ್ತೆ ಕೋಲಿಗೆ ಇಳಿದಳು. ಅತ್ತಳು, ಆದರೆ ತಪ್ಪಿಸಲಿಲ್ಲ. ಆಸ್ಪತ್ರೆಯ ಮೂರು ಮಹಡಿ ಹತ್ತಿದರೂ ಈಗ ತೊಡೆ ನಡುಗುವುದಿಲ್ಲ, ಹಾಸಿಗೆಗೆ ಬಿದ್ದರೆ ಒಂದೇ ನಿದ್ದೆ ಎಂದು ಅವಳು ಉಸ್ತಾದರಿಗೆ ಹೇಳುವುದನ್ನು ಕೇಳುತ್ತಿದ್ದೆ. ಬಾಗಿದ ಹೆಗಲು ಹಿಂದಕ್ಕೆ ಸರಿದು, ಅವಳು ಎರಡು ಬೆರಳು ಎತ್ತರವಾದಂತೆ ಕಾಣುತ್ತಿದ್ದಳು. ದೀಪಾವಳಿ ಮುಗಿದು ಎಳ್ಳಮಾವಾಸ್ಯೆಯ ಹೊತ್ತಿಗೆ ಅರವತ್ತೈದು ಕಿಲೋ ಎತ್ತಿದಳು. ಆದರೆ ಮನುಷ್ಯ ನನ್ನ ಹಾಗೆ ನೆಟ್ಟಗಿರುವುದಿಲ್ಲವಲ್ಲ. ಅದಕ್ಕೆಂದೇ ಉಸ್ತಾದರು ಉಸುಕಿನ ಚೀಲ ತಬ್ಬಿ ಎತ್ತುವುದನ್ನೂ ಕಲಿಸಿದರು.

ಮುಂದಿನದು ನಾನು ಕಂಡದ್ದಲ್ಲ, ಮರುದಿನ ನನ್ನ ಮೇಲೆ ಕೈಯಿಟ್ಟುಕೊಂಡು ಅವಳೇ ಹೇಳಿದ್ದು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಗುರುಸಿದ್ಧಪ್ಪ ಜಾರಿ ಕೂತುಬಿಟ್ಟಿದ್ದ. ಪೆಟ್ಟಾಗಿರಲಿಲ್ಲ. ಕರೆದರೆ ಓಣಿಯಲ್ಲಿ ಯಾರೂ ಇಲ್ಲ. "ಬ್ಯಾಡ, ನಿನ್ನ ಸೊಂಟ ಹೋದೀತು," ಎಂದು ಅವನು ಗೋಡೆಗೆ ಮುಖ ಮಾಡಿದ. ಇವಳು ಹಿಂದಿನಿಂದ ಅವನ ಎರಡೂ ಕಂಕುಳಡಿ ಕೈ ಹಾಕಿ, ಎದೆಗೆ ಒತ್ತಿಕೊಂಡು, ಹೊಟ್ಟೆ ತುಂಬ ಉಸಿರು ತೆಗೆದುಕೊಂಡು, ಕಾಲಿನಿಂದ ನೆಲ ಒತ್ತಿದಳು. ಅವನು ಕುರ್ಚಿಯಲ್ಲಿ ಕೂತ. ಆಮೇಲೆ, "ಕಾಶೀ, ಆ ಅರ್ಜಿ ಹರದ ಒಗದುಬಿಡು," ಎಂದ.

ಹೇಳುತ್ತಿದ್ದಂತೆ ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ತುಕ್ಕು ಹಿಡಿದೀತೆಂದು ಸೆರಗಿನಿಂದ ಒರೆಸಿದಳು.

ವರ್ಷಗಳು ಹೋದವು. ಯಾರೋ ಎತ್ತರದಿಂದ ಬೀಳಿಸಿ ನಾನು ನಡುವಿನಲ್ಲಿ ಒಂದಿಷ್ಟು ಬಾಗಿದೆ. ಶಾಲೆಗೆ ಹೊಳೆಯುವ ಹೊಸ ರಾಡುಗಳು ಬಂದವು, ನನ್ನನ್ನು ಗುಜರಿಗೆಂದು ಬಾಗಿಲ ಹೊರಗೆ ಒರಗಿಸಿಟ್ಟರು. ಕಾಶವ್ವ ಉಸ್ತಾದರನ್ನು ಬೇಡಿ ನನ್ನನ್ನು ಆಟೋದಲ್ಲಿ ಮನೆಗೆ ತಂದಳು. ವೆಲ್ಡಿಂಗ್ ಮಾಡುವವನನ್ನು ಕರೆಸಿ ಹಾಸಿಗೆಯ ಪಕ್ಕದ ಗೋಡೆಗೆ, ಸೊಂಟದೆತ್ತರಕ್ಕೆ, ಅಡ್ಡಲಾಗಿ ಕೂರಿಸಿದಳು.

ಅವಳು ಈಗಲೂ ವಾರಕ್ಕೆರಡು ಸಲ ಹೋಗಿ ಹೊಸ ರಾಡು ಎತ್ತಿ ಬರುತ್ತಾಳೆ. ನನಗೆ ಹೊಟ್ಟೆಕಿಚ್ಚಿಲ್ಲ. ಎಷ್ಟೋ ಕೈಗಳು ನನ್ನನ್ನು ಹಿಡಿದವು, ಎಲ್ಲರ ಋಣವೂ ನನ್ನ ಮೇಲಿದೆ. ನೆಲದ ಮೇಲೆ ಬಿದ್ದಿದ್ದ ನನ್ನನ್ನು ನೂರು ಸಲ, ಸಾವಿರ ಸಲ ಮೇಲೆತ್ತಿದರು.

ಮುಂಜಾನೆ ಚಹಾ ಕಾಯುವ ಹೊತ್ತಿಗೆ ಗುರುಸಿದ್ಧಪ್ಪ ಬಲಗೈ ಚಾಚಿ ನನ್ನನ್ನು ಹಿಡಿಯುತ್ತಾನೆ. ಕಾಶವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾಳೆ, ಹತ್ತಿರ ಬರುವುದಿಲ್ಲ. ಅವನು ಉಸಿರು ತೆಗೆದುಕೊಂಡು, ಬಲಗಾಲು ಊರಿ, ಮೆಲ್ಲಗೆ ತಾನೇ ಎದ್ದು ನಿಲ್ಲುತ್ತಾನೆ.